ಮಾರ್ಕೆಟ್ಟಿನ ಕೋಳಿ ಕರುಳು ಕೊನೆಗೂ ಕುಣಿಯಿತು

ಕೋಳಿ ಅಂಗಡಿಯ ಕರುಳು ಆರ್ಗನ್ ಬಾತ್‌ನಲ್ಲಿ (ಅಂಗಾಂಶದ ತುಂಡನ್ನು ಬೆಚ್ಚಗಿನ ದ್ರಾವಣದಲ್ಲಿ ಜೀವಂತವಿಟ್ಟು ಔಷಧ ಕೊಟ್ಟು ನೋಡುವ ಪಾತ್ರೆ) ಕೆಲಸ ಮಾಡೋದಿಲ್ಲ ಅಂತ ನಮ್ಮ ಫಾರ್ಮಕಾಲಜಿ (ಔಷಧ ವಿಜ್ಞಾನ) ವಿಭಾಗದಲ್ಲಿ ಎಲ್ಲರೂ ಷರಾ ಬರೆದಾಗಿತ್ತು. ಅದರ ಬದಲು ಗಿನಿಪಿಗ್ ಬೇಕೆಂದರೆ ಪ್ರಾಣಿ ಪ್ರಯೋಗದ ಸಮಿತಿಯ ಅನುಮತಿ ಬೇಕು, ಸಾಕುವ ಖರ್ಚು ಸೇರಿ ಒಂದಕ್ಕೆ ಸಾವಿರದ ಮೇಲಾಗುತ್ತದೆ. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯವರ ಎಕ್ಸ್‌ಫಾರ್ಮ್ ಪ್ರೋಗ್ರಾಂ, ಅಂದರೆ ಇಂಥ ಪ್ರಯೋಗವನ್ನು ಕಂಪ್ಯೂಟರಿನಲ್ಲೇ ತೋರಿಸುವಂಥದ್ದು, ಚೆನ್ನಾಗಿಯೇ ಇದೆ. ಆದರೆ ಕಂಪ್ಯೂಟರಿನ ಕರುಳು ಯಾವತ್ತೂ ಮುನಿಸಿಕೊಳ್ಳುವುದಿಲ್ಲ, ಅಲ್ವಾ?

ಬೆಳಿಗ್ಗೆ ಏಳಕ್ಕೆಲ್ಲ ಮಂಗಳೂರಿನ ಕಂಕನಾಡಿ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. "ಎಂತ ಮಾಸ್ಟ್ರೇ, ಮಾಂಸ ಬೇಡ, ಕರುಳು ಮಾತ್ರವಾ?" ಎಂದು ಅಂಗಡಿಯವರಿಗೆ ನಗು. ದುಡ್ಡು ಬೇಡ ಎಂದರೂ ಚಾಕ್ಕೆ ಇಪ್ಪತ್ತೋ ಮೂವತ್ತೋ ಕೊಡುತ್ತಿದ್ದೆ.

ಶುರುವಿನಲ್ಲಿ ಒಂದು ತುಂಡೂ ಅಲ್ಲಾಡಲಿಲ್ಲ. ಕರುಳನ್ನು ಕುಗ್ಗಿಸುವ ಅಸಿಟೈಲ್‌ಕೋಲಿನ್ ಕೆಟ್ಟಿರಬೇಕೆಂದು ಹೊಸ ಬಾಟಲಿ ತರಿಸಿದ್ದಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ಆಗಲೂ ಕಾಗದದ ಮೇಲಿನ ಗೆರೆ ನೆಟ್ಟಗೇ. ಒಂದು ದಿನ ಅಂಗಡಿಯಲ್ಲೇ ನಿಂತು ನೋಡಿದೆ. ಮಾಸ್ಟ್ರಿಗೆ ಕೊಡೋದು ಅಂತ ಪಾಪ ಅವರು ಕರುಳನ್ನು ನಲ್ಲಿ ನೀರಿಗೆ ಹಿಡಿದು, ಎರಡು ಬೆರಳಲ್ಲಿ ಒತ್ತಿ ಎಳೆದು ಲಕಲಕ ತೊಳೆಯುತ್ತಿದ್ದರು! ಉಪ್ಪಿಲ್ಲದ ನೀರು, ಮೇಲಿಂದ ಆ ಎಳೆತ. ಸ್ನಾಯು ಅಲ್ಲೇ ಮುಗಿಯುತ್ತಿತ್ತು. ತೊಳೆಯದೆ ನೇರ ಫ್ಲಾಸ್ಕಿನ ತಣ್ಣಗಿನ ಟೈರೋಡ್‌ಗೆ (ಅಂಗಾಂಶವನ್ನು ಜೀವಂತವಿಡುವ ಲವಣ ದ್ರಾವಣ) ಹಾಕಿಸಿದೆ. ಗ್ಲೂಕೋಸ್ ಅದೇ ದಿನ ಸೇರಿಸಿದ್ದು, ಕ್ಯಾಲ್ಸಿಯಂ ಕ್ಲೋರೈಡ್ ಕೊನೆಗೆ. ಇಲ್ಲದಿದ್ದರೆ ದ್ರಾವಣ ಬೆಳ್ಳಗಾಗುತ್ತದೆ, ಗೊತ್ತಲ್ಲ.

37 ಡಿಗ್ರಿ, ಅರ್ಧ ಗ್ರಾಂ ಭಾರ, ಮುಕ್ಕಾಲು ಗಂಟೆ ವಿಶ್ರಾಂತಿ. 0.1, 0.2, 0.4, 0.8 ಮಿಲಿ ಅಸಿಟೈಲ್‌ಕೋಲಿನ್‌ಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅದನ್ನು ತಡೆಯುವ ಅಟ್ರೋಪಿನ್ ಕೊಟ್ಟ ಮೇಲೆ 0.4ಕ್ಕೆ ಸುಮ್ನೆ ಮಲಗಿತು. ಅಸಿಟೈಲ್‌ಕೋಲಿನ್ ಜಾಸ್ತಿ ಮಾಡುತ್ತಾ ಹೋದಂತೆ ಮತ್ತೆ ಎದ್ದಿತು. ಒಂದೇ ಮಸ್ಕರಿನಿಕ್ ರಿಸೆಪ್ಟರಿಗೆ (ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್ ಬಂದು ಕೂರುವ ಜಾಗ) ಎರಡರ ಪೈಪೋಟಿ ಹೀಗೆ ಕಾಗದದ ಮೇಲೆ ಕಂಡಿತು. ಷರಾ ಬರೆದವರನ್ನೂ ಕರೆದು ತೋರಿಸಿದೆ, ಬಿಡಲಿಲ್ಲ. ಕರುಳು ತನ್ನಷ್ಟಕ್ಕೆ ಕುಣಿಯುವುದನ್ನು ತಡೆಯಲು ನನ್ನದೊಂದು ಉಪಾಯವಿದೆ. ಅದು ಬೇಕಾದವರು ಲ್ಯಾಬಿಗೇ ಬರಬೇಕು.

ಜುಲೈ ಮಳೆಯಲ್ಲಿ ಮಾತ್ರ ಕರುಳಿನ ಚಲನೆಯನ್ನು ಗೆರೆಯಾಗಿ ಬರೆಯುವ ಕೈಮೋಗ್ರಾಫಿನ ಮಸಿ ಕಾಗದಕ್ಕೆ ಬಳಿದ ವಾರ್ನಿಷ್ ಒಣಗುವುದೇ ಇಲ್ಲ. ಬಲ್ಬಿನ ಕೆಳಗೆ ನೇತು ಹಾಕುತ್ತೇನೆ.

ನಡುವೆ ಅಟ್ರೋಪಿನ್ ಇರುವ, ಹಿತ್ತಲಿನ ಉಮ್ಮತ್ತದ (ದತ್ತೂರಿ) ಎಲೆಯ ಕಷಾಯವನ್ನೂ ನಾಲ್ಕು ಹನಿ ಬಿಟ್ಟು ನೋಡಿದೆ. ಅಸಿಟೈಲ್‌ಕೋಲಿನ್‌ಗೆ ಉತ್ತರವಿಲ್ಲ. ರಿಸೆಪ್ಟರಿನ ಹಂಗಿಲ್ಲದೆ ನೇರ ಸ್ನಾಯುವನ್ನೇ ಕುಗ್ಗಿಸುವ ಬೇರಿಯಂ ಕ್ಲೋರೈಡ್ ಹಾಕಿದರೆ ಗಟ್ಟಿಯಾಗಿ ಮುದುಡಿತು. ಅಂದರೆ ಸ್ನಾಯು ಜೀವಂತವಿದೆ, ಬೀಗ ಬಿದ್ದದ್ದು ರಿಸೆಪ್ಟರಿಗೆ. ನೀವು ಮಾಡುವುದಾದರೆ ಎಲೆ ಜಜ್ಜಿದ ಕೈಯಲ್ಲಿ ಕಣ್ಣು ಉಜ್ಜಲು ಮಕ್ಕಳನ್ನು ಬಿಡಬೇಡಿ. ಪಾಪೆ ಅರಳಿಕೊಂಡರೆ ಮಾರನೇ ದಿನವೂ ಹತ್ತಿರದ ಅಕ್ಷರ ಮಂಜಾಗಿಯೇ ಇದ್ದೀತು.