‘ಏನೂ ಕೊಟ್ಟಿಲ್ಲ ಸಾರ್’ ಅನ್ನಬೇಡಿ: ನಾಯಿ, ಬೆಕ್ಕನ್ನು ಡಾಕ್ಟರಿಗೆ ತೋರಿಸುವ ಕ್ರಮ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗೆಲ್ಲ ನನ್ನ ಕಿವಿಗೆ ಬೀಳುವ ಮಾತು ಒಂದೇ: ‘ಏನೂ ಕೊಟ್ಟಿಲ್ಲ ಸಾರ್.’ ಐದು ನಿಮಿಷ ಬಿಟ್ಟು ಮೆಲ್ಲಗೆ ಬಾಯಿ ಬಿಡುತ್ತಾರೆ, ‘ಮೈ ಬಿಸಿ ಇತ್ತು, ನಮ್ಮದೇ ಒಂದು ಮಾತ್ರೆ ಅರ್ಧ ಮಾಡಿ...’ ಬರೆಯುತ್ತಿದ್ದ ಡಾಕ್ಟರ ಪೆನ್ನು ಅಲ್ಲೇ ನಿಲ್ಲುತ್ತದೆ.

1. ಹೊರಡುವ ಮುಂಚೆ ಲಸಿಕೆ ಪುಸ್ತಕ, ಹಳೇ ಚೀಟಿಗಳನ್ನು ಚೀಲಕ್ಕೆ ಹಾಕಿ. ಭೇದಿಯಾಗುತ್ತಿದ್ದರೆ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಮಲ ಇರಲಿ. ಕುಂಟುವುದು, ಕೆಮ್ಮು, ಫಿಟ್ಸ್ ಆದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮನೆಯಲ್ಲಿ ಮೂರು ಕಾಲಲ್ಲಿ ನಡೆದ ನಾಯಿ ಆಸ್ಪತ್ರೆಯ ಗಾಬರಿಗೆ ನಾಲ್ಕೂ ಕಾಲು ಊರುತ್ತದೆ.

2. ಬೆಕ್ಕಿಗೆ ಮುಚ್ಚಳವಿರುವ ಬುಟ್ಟಿಯೇ ಆಗಬೇಕು, ಗೋಣಿಚೀಲ ಬೇಡ. ನಾಯಿಗೆ ಬೆಲ್ಟು. ಬಾಯಿ ಪೂರ್ತಿ ಬಿಗಿಯುವ ಅಗ್ಗದ ನೈಲಾನ್ ಬಾಯಿಕಟ್ಟು ಮಾತ್ರ ಕೊಳ್ಳಲೇಬೇಡಿ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳುವುದು. ಬಿಸಿಲಲ್ಲಿ ಅದನ್ನು ಹಾಕಿ ಕೂರಿಸಿದರೆ ಇನ್ನೊಂದು ಕಾಯಿಲೆ ತಂದಂತೆ. ಪಂಜರದಂಥ ಬಾಯಿಕಟ್ಟು ಸಿಗುತ್ತದೆ, ಅದು ವಾಸಿ.

3. ಈಗ ಎಲ್ಲರೂ ಎಡವುವ ಜಾಗ: ಹೇಳುವುದು. ‘ಎರಡು ದಿನದಿಂದ ಡಲ್ ಆಗಿದೆ’ ಅಂದರೆ ಸಾಲದು. ಕೊನೆಯ ಸಲ ಉಂಡಿದ್ದು ಯಾವಾಗ, ವಾಂತಿ ಎಷ್ಟು ಸಲ, ಮೂತ್ರ ಹೋಗುತ್ತಿದೆಯಾ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಅಲ್ಲಿ ಎಲ್ಲ ಮರೆತುಹೋಗುತ್ತದೆ.

ಆಮೇಲೆ ಹೇಳಲು ನಾಚಿಕೆಯಾಗುವ ಸಂಗತಿಗಳು. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಜೀವ ತೆಗೆಯಬಲ್ಲದು. ಅದರ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಇದಕ್ಕೆ ಮದ್ದು ಇದೆ, ಆದರೆ ಬೇಗ ಕೊಡಬೇಕು. ನೀವು ಮುಚ್ಚಿಟ್ಟ ಒಂದೊಂದು ಗಂಟೆಯೂ ಬೆಕ್ಕಿನ ಆಯುಸ್ಸಿನ ಲೆಕ್ಕದಿಂದಲೇ ಕಳೆಯುತ್ತದೆ. ಉಣ್ಣಿಗೆಂದು ಗೊಬ್ಬರದಂಗಡಿಯ ಕೀಟನಾಶಕ ಹಚ್ಚಿದ್ದರೆ ಹೇಳಿ. ನಾಯಿಯ ಉಣ್ಣಿ ಔಷಧಿ ಬೆಕ್ಕಿಗೆ ಹಾಕಿದ್ದರಂತೂ ಹೇಳಲೇಬೇಕು, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ. ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದರೂ ಅಷ್ಟೇ. ಕೆಲವು ಬಗೆಯದನ್ನು ತಿಂದ ನಾಯಿ ಎರಡು ಮೂರು ದಿನ ಚೆನ್ನಾಗೇ ಇದ್ದು ಆಮೇಲೆ ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ.

ಬೇರೆ ಡಾಕ್ಟರ ಹತ್ತಿರ ಹೋಗಿದ್ದನ್ನೂ ಮುಚ್ಚಿಡಬೇಡಿ. ಇವರಿಗೆ ಬೇಜಾರಾಗುತ್ತೆ ಅನ್ನೋ ಸಂಕೋಚ ನಮ್ಮದು. ಅಲ್ಲಿ ಸ್ಟೆರಾಯ್ಡ್ ಸೂಜಿ ಹಾಕಿದ್ದು ತಿಳಿಯದೆ ಇವರು ನೋವಿನ ಔಷಧಿ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ನಾನೇನು ಸಾಚಾ ಅಲ್ಲ. ನಮ್ಮ ನಾಯಿಯ ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ 28 ದಿನ ಕೊಡಿ ಅಂದಿದ್ದರು ಡಾಕ್ಟರು. ಹತ್ತನೇ ದಿನ ನಾಯಿ ತಟ್ಟೆ ನೆಕ್ಕಿ ಬಾಲ ಆಡಿಸಿತು, ನಿಲ್ಲಿಸಿಬಿಟ್ಟೆ. ಸ್ವಲ್ಪ ದಿನಕ್ಕೆ ಮತ್ತೆ ರಕ್ತ ಕಮ್ಮಿಯಾಗಿ ವಸಡು ಬಿಳಚಿಕೊಂಡಿತು. ‘ಪೂರ್ತಿ ಕೊಟ್ಟೆ ಸಾರ್’ ಅಂದೆ. ಹಾಗಾದರೆ ಬೇರೇನೋ ಇರಬೇಕು ಅಂತ ಅವರು ಸಾಲು ಸಾಲು ರಕ್ತ ಪರೀಕ್ಷೆ ಬರೆದರು. ದುಡ್ಡು ಕಟ್ಟುವ ಕಿಟಕಿ ತನಕ ಹೋಗಿ ವಾಪಸ್ ಬಂದು ನಿಜ ಹೇಳಿದೆ. ಅವರು ಬೈಯಲಿಲ್ಲ, ಎರಡು ಪರೀಕ್ಷೆ ಹೊಡೆದುಹಾಕಿದರು.

4. ಕಚ್ಚುವ ನಾಯಿಯಾದರೆ ಕಚ್ಚುತ್ತದೆ ಅನ್ನಿ. ‘ನಮ್ದು ಏನೂ ಮಾಡಲ್ಲ’ ಅನ್ನುವವರ ನಾಯಿಯೇ ಜಾಸ್ತಿ ಕಚ್ಚುವುದು.

5. ದುಡ್ಡಿನ ಮಾತು ಮೊದಲೇ ಆಗಲಿ. ‘ಇವತ್ತು ಇಷ್ಟೇ ಇದೆ, ಯಾವ ಪರೀಕ್ಷೆ ಮೊದಲು ಬೇಕು?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಎಲ್ಲಕ್ಕೂ ಸುಮ್ನೆ ತಲೆ ಆಡಿಸಿ, ಮಾರನೇ ದಿನದ ಡ್ರಿಪ್ಪಿಗೆ ನಾಪತ್ತೆಯಾಗುವುದು ತಪ್ಪು.

6. ಏಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಈ ಮಾತ್ರೆ ಊಟದ ಮುಂಚೆಯೋ ಆಮೇಲೋ? ಏನು ಕಂಡರೆ ತಕ್ಷಣ ಬರಬೇಕು?

ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ವಸಡಿನ ಫೋಟೊ ಕಳಿಸಿ ಮಾತ್ರೆ ಕೇಳುವ ಶಾರ್ಟ್‌ಕಟ್ ನನಗೆ ಹಿಡಿಸದು. ಟ್ಯೂಬ್‌ಲೈಟಿನಲ್ಲಿ ಎಲ್ಲ ವಸಡೂ ಬಿಳಿಯೇ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದು ಮೂತ್ರ ಬರುತ್ತಿಲ್ಲ ಅಂದರೆ ಮೆಸೇಜಿನ ಆ ನೀಲಿ ಟಿಕ್‌ಗೆ ಕಾಯಲೇಬೇಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಎಲ್ಲಿದೆ ನೋಡಿ, ಬುಟ್ಟಿಗೆ ಹಾಕಿಕೊಂಡು ಹೊರಡಿ.