ಹೊಳೆಗೆ ಗಾಳ ಹಾಕಲು ಹೊರಟಿರಾ? ಮೊದಲು ನೀರಿನ ಲೆಕ್ಕ ನೋಡಿ

ಮಳೆ ಹಿಂದೆ ಸರಿದು ಹೊಳೆ ನೀರು ತಿಳಿಯಾಗುತ್ತಿದ್ದಂತೆ ಕೂಳೂರು ಸೇತುವೆಯ ಬುಡದಿಂದ ಕೋಡಿಬೆಂಗ್ರೆಯ ತುದಿಯವರೆಗೆ ಭಾನುವಾರ ಗಾಳ ಹಿಡಿದವರು ಕಾಣಿಸುತ್ತಾರೆ. ಹೊಸಬರೇ ಜಾಸ್ತಿ, ಅದು ಖುಷಿಯ ವಿಷಯ. ಆದರೆ ಹೆಚ್ಚಿನವರು ತಿಂಡಿ ಮುಗಿಸಿ ಆರಾಮಾಗಿ ಹತ್ತು ಗಂಟೆಗೆ ಬಂದು, ನೀರು ಅಲ್ಲಾಡದ ಹೊತ್ತಿನಲ್ಲಿ ಗಾಳ ಎಸೆದು, ಬಿಸಿಲಲ್ಲಿ ಬೆಂದು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಕೋಲು ಚೆನ್ನಾಗಿರುತ್ತದೆ, ಸಿಗಡಿಯೂ ತಾಜಾ ಇರುತ್ತದೆ. ಹೊತ್ತು ಮಾತ್ರ ತಪ್ಪಿರುತ್ತದೆ. ಅದಕ್ಕೇ ಈ ಲೇಖನದ ಅರ್ಧ ಭಾಗ ನೀರಿನ ಏರಿಳಿತದ ಬಗ್ಗೆಯೇ ಇದೆ.

ದಿನ ಮತ್ತು ಹೊತ್ತು

ನಮ್ಮ ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ ಎಲ್ಲವೂ ಅಳಿವೆಯ ಹತ್ತಿರ ಕಡಲು ಹೇಳಿದಂತೆ ನಡೆಯುತ್ತವೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಏರಿಕೆಗೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಂದರೆ ಕಳೆದ ಭಾನುವಾರ ಏಳು ಗಂಟೆಗೆ ಮೀನು ಸಿಕ್ಕಿತ್ತು ಅಂತ ಈ ಭಾನುವಾರವೂ ಏಳಕ್ಕೇ ಹೋದರೆ ನೀರು ಪೂರ್ತಿ ಬೇರೆಯೇ ಆಗಿರುತ್ತದೆ.

ಹಾಗಾಗಿ ದಿನ ಗೊತ್ತು ಮಾಡುವ ಮೊದಲು ಎರಡು ನೋಡಿ. ಒಂದು, ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಆಚೀಚೆ ಏರಿಳಿತ ಕಡಿಮೆ. ಹೊಸಬರು ಹುಣ್ಣಿಮೆಯ ದಿನವೇ ಹೋಗುವುದು ಬೇಡ, ಎರಡು ಮೂರು ದಿನ ಬಿಟ್ಟು ಹೋಗಿ. ಎರಡು, ನವಮಂಗಳೂರು ಬಂದರಿನ ಉಬ್ಬರ–ಇಳಿತದ ಹೊತ್ತು. ಬಂದರುಗಳ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಪ್ರಕಟಿಸುತ್ತದೆ, ಫೋನಿನ ಆ್ಯಪ್‌ಗಳಲ್ಲೂ ಸಿಗುತ್ತದೆ. ಹೊತ್ತಿನ ಪಕ್ಕದಲ್ಲಿ ಎತ್ತರದ ಅಂಕಿಯೂ ಇರುತ್ತದೆ. ಅದನ್ನು ಬಿಟ್ಟು ಓದಬೇಡಿ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳೂ ಒಂದೇ ಎತ್ತರ ಬರುವುದಿಲ್ಲ. ಇಳಿತಕ್ಕೂ ಉಬ್ಬರಕ್ಕೂ ವ್ಯತ್ಯಾಸ ಜಾಸ್ತಿ ಇರುವ ಏರಿಕೆಯನ್ನು ಆರಿಸಿಕೊಳ್ಳಿ.

ಇನ್ನು ಹೊತ್ತು. ನೀರು ಆರು ಗಂಟೆಯೂ ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯ ಗಂಟೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಇದು ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಆಗ ಹಗುರ ಸೀಸ ಕಟ್ಟಿದರೆ ಗಾಳ ನೆಲ ಮುಟ್ಟದೆ ತೇಲಿಕೊಂಡು ಹೋಗುತ್ತದೆ. ನನ್ನ ಕೇಳಿದರೆ ಏರಿಕೆಯ ಎರಡನೆಯ ಗಂಟೆ, ಇಳಿತದ ಕೊನೆಯ ಎರಡು ಗಂಟೆ, ಇಷ್ಟು ಸಾಕು. ಉಬ್ಬರ ತುಂಬಿ ನೀರು ನಿಂತಾಗ ಬುತ್ತಿ ಬಿಚ್ಚಿ.

ಯಾಕೆ ಹೀಗೆ ಅಂದರೆ, ನೀರು ಇಳಿಯುವಾಗ ಕಾಂಡ್ಲಾ ಬೇರುಗಳ ಮಧ್ಯೆ ಇದ್ದ ಮರಿಮೀನು, ಸಿಗಡಿ ಎಲ್ಲ ತೋಡಿನ ಬಾಯಿಗೆ ಬಂದು ಹೊಳೆಗೆ ಬೀಳುತ್ತವೆ. ದೊಡ್ಡ ಮೀನು ಅಲ್ಲೇ ಕಾದಿರುತ್ತದೆ. ಇಳಿತಕ್ಕೆ ತೋಡಿನ ಬಾಯಿ ಹಿಡಿಯಿರಿ. ನೀರು ಏರುವಾಗ ಅದೇ ಮೀನು ಬೇರಿನ ಅಂಚಿಗೆ ನುಗ್ಗುತ್ತದೆ. ಏರಿಕೆಗೆ ಕುದ್ರುವಿನ (ಹೊಳೆ ನಡುವಿನ ನಡುಗಡ್ಡೆಯ) ಕಾಂಡ್ಲಾ ಅಂಚು, ಸೇತುವೆಯ ಕಂಬದ ಬುಡ ನೋಡಿ.

ಇಲ್ಲೊಂದು ಸಮಸ್ಯೆ ಇದೆ. ಪಟ್ಟಿಯ ಹೊತ್ತು ಬಂದರಿನದು. ಹೊಳೆಯಲ್ಲಿ ಮೇಲೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಎಷ್ಟು ತಡ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಅದನ್ನು ಯಾವ ಆ್ಯಪ್ ಕೂಡ ಸರಿಯಾಗಿ ಹೇಳುವುದಿಲ್ಲ. ನೀವೇ ಅಳೆಯಬೇಕು, ಕಷ್ಟವೇನಿಲ್ಲ. ನೀರಿನ ಅಂಚಿನ ಕೆಸರಿನಲ್ಲಿ ಒಂದು ಅಡಿಕೆ ಸಲಾಕೆ ನೆಡಿ. ನೀರು ಮುಟ್ಟಿದ ಕಡೆ ಚಾಕುವಿನಿಂದ ಗೀರು ಹಾಕಿ. ಕಾಲು ಗಂಟೆ ಬಿಟ್ಟು ನೋಡಿ, ಮತ್ತೆ ಗೀರು ಹಾಕಿ. ಗೀರುಗಳ ನಡುವಿನ ಜಾಗ ಕಿರಿದಾಗುತ್ತಾ ಬಂದರೆ ನೀರು ತಿರುಗುವ ಹೊತ್ತು ಹತ್ತಿರವಾಯಿತು ಅಂತ ಅರ್ಥ. ತಿರುಗಿದ ಹೊತ್ತನ್ನು ಪಟ್ಟಿಯ ಹೊತ್ತಿನ ಪಕ್ಕದಲ್ಲಿ ಬರೆದಿಡಿ. ಕೆಲವು ಸಲ ಬರೆದರೆ ಆ ಜಾಗದ ಲೆಕ್ಕ ಸಿಕ್ಕಿಬಿಡುತ್ತದೆ. ಇನ್ನೊಂದು ಮಾತು. ಮಳೆ ಬಂದ ಮರುದಿನ ಮೇಲಿನ ನೀರು ಕಡಲಿನ ಕಡೆಗೇ ಹರಿಯುತ್ತಿರುತ್ತದೆ, ಆದರೂ ಮಟ್ಟ ಏರುತ್ತಿರುತ್ತದೆ. ಹರಿವು ನೋಡಿ ಮೋಸ ಹೋಗಬೇಡಿ, ಸಲಾಕೆಯನ್ನೇ ನಂಬಿ.

ಜೀವಕ್ಕೆ ಕುತ್ತು ತರುವ ತಪ್ಪೂ ಇದೇ ಲೆಕ್ಕದಲ್ಲಿ ಆಗುತ್ತದೆ. ಇಳಿತದಲ್ಲಿ ಮೊಣಕಾಲು ನೀರು ದಾಟಿ ನಡುವಿನ ಮರಳ ದಿಣ್ಣೆಗೆ ಹೋಗುತ್ತಾರೆ. ಮುಖ ಆಳದ ಕಡೆಗೆ. ನೀರು ಮೊದಲು ತುಂಬುವುದು ಬೆನ್ನ ಹಿಂದಿನ ಕಾಲುವೆಯಲ್ಲಿ. ತಿರುಗಿ ನೋಡುವಾಗ ಎದೆಮಟ್ಟ ಆಗಿರುತ್ತದೆ. ಅದರ ಮೇಲೆ ಮರಳು ತೆಗೆದ ಹೊಂಡಗಳು ಬೇರೆ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ ಮಾರಾಯ್ರೆ. ದಿಣ್ಣೆಗೆ ಹೋಗಲೇಬೇಡಿ. ದಡದಲ್ಲಿ ಸಿಗುವ ಮೀನು ಸಾಕು.

ಜಾಗ

ಅಳಿವೆಯ ಬಾಯಿ ಹೊಸಬರಿಗೆ ಅಲ್ಲ. ಸ್ವಲ್ಪ ಒಳಗೆ ಬನ್ನಿ. ಗುರುಪುರ ಹೊಳೆಯ ದಂಡೆ, ಮೂಲ್ಕಿಯ ಶಾಂಭವಿ, ಕೆಮ್ಮಣ್ಣು ಕಡೆಯ ಸ್ವರ್ಣಾ, ಕುಂದಾಪುರದವರಿಗೆ ಪಂಚಗಂಗಾವಳಿ. ಕಿಂಡಿ ಅಣೆಕಟ್ಟಿನ ಕೆಳಗೆ ನಿಲ್ಲಬೇಡಿ. ಬಾಗಿಲು ತೆಗೆದರೆ ನೀರು ಒಮ್ಮೆಲೇ ಬರುತ್ತದೆ. ತುಂಬೆ, ಬಜೆಯಂಥ ಕಡೆ ಅದು ಊರಿಗೆ ಕುಡಿಯುವ ನೀರು ಕೂಡ.

ಘಟ್ಟದ ಬುಡಕ್ಕೆ ಹೋಗುವವರು ಎರಡು ಪಟ್ಟು ಎಚ್ಚರ ಇರಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ ವನ್ಯಧಾಮಗಳ ಒಳಗಿನ ಹೊಳೆಗೆ ಗಾಳ ಹಾಕುವಂತಿಲ್ಲ. ಶಿಶಿಲದ ಕಪಿಲಾ, ಸುಬ್ರಹ್ಮಣ್ಯದ ಕುಮಾರಧಾರಾದಲ್ಲಿ ಇರುವುದು ದೇವರ ಮೀನು. 1996ರಲ್ಲಿ ಶಿಶಿಲದಲ್ಲಿ ವಿಷ ಹಾಕಿ ಸಾವಿರಾರು ಮೀನು ಕೊಂದರು. ಅದರ ನೆನಪಿಗೆ ಅಲ್ಲಿ ಸ್ಮಾರಕ ಇದೆ. ಹೊಳೆಗೆ ವಿಷ ಹಾಕುವುದು, ತೋಟೆ ಸಿಡಿಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ. ಯಾರಾದರೂ ‘ಬೇಗ ಆಗುತ್ತದೆ’ ಅಂತ ಆ ದಾರಿ ಹೇಳಿದರೆ ಅವರ ಸಹವಾಸವೇ ಬಿಡಿ.

ಬಲೆ ಹಾಕಿದ ಕಡೆ ಗಾಳ ಎಸೆಯಬೇಡಿ. ದೋಣಿಯವರ ಹತ್ತಿರ ‘ಅಣ್ಣಾ, ಇಲ್ಲಿ ಕೂತರೆ ನಿಮಗೆ ತೊಂದರೆ ಇಲ್ಲ ಅಲ್ವಾ?’ ಅಂತ ಕೇಳಿ. ಅವರಿಗೆ ಅದು ಹೊಟ್ಟೆಪಾಡು. ಕೇಳಿದವರಿಗೆ ಜಾಗವನ್ನೂ ತೋರಿಸುತ್ತಾರೆ.

ಕೋಲು, ದಾರ, ಸಿಗಡಿ

ಏಳು ಅಡಿಯ ಕೋಲು, ಮಧ್ಯಮ ಗಾತ್ರದ ರೀಲ್ ಸಾಕು. ಆನ್‌ಲೈನಿನಲ್ಲಿ ಕೋಲು, ರೀಲ್, ದಾರ, ಬಣ್ಣದ ಪ್ಲಾಸ್ಟಿಕ್ ಮೀನು ಎಲ್ಲ ಸೇರಿಸಿ ಅಗ್ಗಕ್ಕೆ ಮಾರುವ ಸೆಟ್ ಬೇಡ. ಆ ರೀಲಿಗೆ ಉಪ್ಪುನೀರು ತಾಗಿದರೆ ಒಳಗಿನ ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಕೊಕ್ಕೆ, ಒಳ್ಳೆಯ ದಾರ ತೆಗೆದುಕೊಳ್ಳಿ. ಹೋಟೆಲಿನ ಪಟ್ಟಿಯಲ್ಲಿ ಸೀಬಾಸ್ ಅಂತ ಇರುವ ಕುರುಡಿ ಮೀನಿನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಕೊಕ್ಕೆಯ ಹತ್ತಿರ ಎರಡು ಅಡಿ ದಪ್ಪ ದಾರ ಕಟ್ಟದಿದ್ದರೆ ಕೆಂಬೇರಿಯೂ ಕುರುಡಿಯೂ ಕತ್ತರಿಸಿಕೊಂಡು ಹೋಗುತ್ತವೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ.

ಜೀವಂತ ಸಿಗಡಿಯನ್ನು ಬಾಲಕ್ಕೆ ಚುಚ್ಚುವವರೇ ಜಾಸ್ತಿ. ತಲೆಯ ಮುಳ್ಳಿನ ಕೆಳಗೆ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದಂತೆ ಚುಚ್ಚಿ. ಚುಕ್ಕೆಗೆ ತಾಗಿದರೆ ಸಾಯುತ್ತದೆ, ತಪ್ಪಿಸಿದರೆ ತುಂಬಾ ಹೊತ್ತು ಕಾಲಾಡಿಸುತ್ತಿರುತ್ತದೆ.

ಮೀಸೆ ಇರುವ ಮೀನು ಸಿಕ್ಕಿದರೆ ಕೈಯಲ್ಲಿ ಹಿಡಿಯಬೇಡಿ. ಬೆನ್ನಿಗೆ ಒಂದು, ಎರಡು ಪಕ್ಕಕ್ಕೆ ಒಂದೊಂದು ವಿಷದ ಮುಳ್ಳು. ಚುಚ್ಚಿದರೆ ಚರ್ಮ ಸುಡದ ಹಾಗೆ, ತಾಳುವಷ್ಟು ಬಿಸಿನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರರ ಹತ್ತಿರ ಹೋಗಿ.

ಕ್ಲಬ್ ಆರಿಸುವುದು

ಒಬ್ಬರೇ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಮಾತು. ಆದರೆ ವಾಟ್ಸಾಪ್ ಗುಂಪನ್ನೆಲ್ಲ ಕ್ಲಬ್ ಅನ್ನಲಾಗುವುದಿಲ್ಲ. ಹಣ ತೆಗೆದುಕೊಳ್ಳುವ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆಯೇ, ರಸೀದಿ ಕೊಡುತ್ತದೆಯೇ ಕೇಳಿ. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಅದನ್ನು ಹಾಕಿಕೊಳ್ಳುತ್ತಾರೆಯೇ ಅಂತ ಕಣ್ಣಾರೆ ನೋಡಿ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್ ಲೆಕ್ಕಕ್ಕಿಲ್ಲ.

ಆಮೇಲೆ ಅವರ ಫೋಟೊಗಳನ್ನು ನೋಡಿ. ಬರೀ ಭಾರೀ ಕುರುಡಿ ಮೀನುಗಳನ್ನು ಕೊಂದು ನೇತುಹಾಕಿದ ಫೋಟೊಗಳೇ ಇದ್ದರೆ ಆ ಕ್ಲಬ್ ಬೇಡ. ಕುರುಡಿ ಮೀನು ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಅಷ್ಟು ದೊಡ್ಡ ಮೀನೆಲ್ಲ ಮೊಟ್ಟೆ ಇಡುವ ತಾಯಿಯೇ. ಒಳ್ಳೆಯ ಕ್ಲಬ್ಬಿನವರು ಅದನ್ನು ಒದ್ದೆ ಕೈಯಲ್ಲಿ, ಹೊಟ್ಟೆಗೆ ಆಧಾರ ಕೊಟ್ಟು ಅಡ್ಡಲಾಗಿ ಹಿಡಿದು, ಬೇಗ ನೀರಿಗೆ ಬಿಡುತ್ತಾರೆ. ಗಾಳ ಹಾಕುವವರೇ ಮೀನನ್ನು ಕಾಯುವ ಪದ್ಧತಿ ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ 1972ರಿಂದ ಇದೆ, ಕಾವೇರಿಯ ಮಹಶೀರ್ ಉಳಿಸಲು ಕೆಲಸ ಮಾಡಿದೆ.

ಕೊನೆಗೆ ಒಂದು ಪ್ರಶ್ನೆ ಕೇಳಿ: ‘ಮುಂದಿನ ಟ್ರಿಪ್ ಯಾವಾಗ, ಯಾಕೆ ಆ ದಿನ?’ ‘ಭಾನುವಾರ ಎಲ್ಲರಿಗೂ ರಜೆ’ ಅಂದರೆ ಇನ್ನೊಂದು ಕ್ಲಬ್ ನೋಡಿ. ‘ಹುಣ್ಣಿಮೆ ಕಳೆದು ಎರಡು ದಿನ, ಬೆಳಿಗ್ಗೆ ಆರಕ್ಕೆ ನೀರು ಏರಲು ಶುರು’ ಅಂದರೆ ಒಂದು ಸಲ ಅತಿಥಿಯಾಗಿ ಹೋಗಿ ಬನ್ನಿ. ವರ್ಷದ ಚಂದಾ ಕಟ್ಟುವುದು ಅದಾದ ಮೇಲೆ.