ಸುಟ್ಟ ಗಾಯಕ್ಕೆ ಆಕ್ಸಿಜನ್ ಚೇಂಬರ್: ಬಾಗಿಲು ಹಾಕುವ ಮುಂಚಿನ ಕೆಲಸವೇ ಹೆಚ್ಚು

ಒತ್ತಡ ಏರಿಸಿ ಆಕ್ಸಿಜನ್ ಕೊಡುವ, ಒಬ್ಬರೇ ಮಲಗುವ ಚೇಂಬರಿನ ತುಂಬ ಬರೀ ಆಕ್ಸಿಜನ್. ಕಿಡಿಯೊಂದು ಹುಟ್ಟಿದರೆ ಒಳಗಿದ್ದವರು ಉಳಿಯುವುದಿಲ್ಲ. ಹಾಗಾಗಿ ಹತ್ತಿ ಗೌನ್ ಮಾತ್ರ, ಕಿಡಿ ಹುಟ್ಟದಂತೆ ಮೈಯ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತಿಂಗ್ ಪಟ್ಟಿ ಕೈಗೆ, ಮೊಬೈಲು, ವಾಚು ಹೊರಗೆ. ನಮ್ಮಲ್ಲಿ ಹೆಚ್ಚು ಕಾಡುವುದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮನೆಯವರು ಗಾಬರಿಯಲ್ಲಿ ಗಾಯಕ್ಕೆ ಬಳಿದ ತುಪ್ಪ. ಎರಡನ್ನೂ ತೊಳೆದು, ಪ್ಯಾರಾಫಿನ್ ಜಿಡ್ಡಿನ ಗಾಜ್ (ತೆಳು ಬ್ಯಾಂಡೇಜ್ ಬಟ್ಟೆ) ಬಿಚ್ಚಿ, ಸಲೈನಿನಲ್ಲಿ ನೆನೆಸಿದ ಹತ್ತಿ ಗಾಜ್ ಸುತ್ತುತ್ತೇವೆ. ಮಾಫೆನೈಡ್ ಮುಲಾಮು ಹಚ್ಚಿದ್ದರೆ ಚೂರೂ ಉಳಿಸುವುದಿಲ್ಲ. ಅದು ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ಲುವಂತೆ ಮಾಡುತ್ತದೆ.

ಕುತ್ತಿಗೆಯ ರಕ್ತನಾಳಕ್ಕೆ ಲೈನ್ (ಔಷಧಿ ಕೊಡುವ ಕೊಳವೆ) ಹಾಕಿದ್ದರೆ ಎದೆಯ ಎಕ್ಸ್‌ರೇ ನೋಡದೆ ಒಳಗೆ ಬಿಡುವುದಿಲ್ಲ. ಲೈನ್ ಹಾಕುವಾಗ ಸೂಜಿ ತಗಲಿ ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ, ಅದು ಒತ್ತಡ ಇಳಿಸುವಾಗ ಹಿಗ್ಗಿ ಜೀವ ತೆಗೆಯುತ್ತದೆ. ಗಂಟಲಲ್ಲಿ ಟ್ಯೂಬ್ ಇದ್ದರೆ ಅದರ ತುದಿಯ ಬಲೂನಿನ (ಕಫ್) ಗಾಳಿ ತೆಗೆದು ಸಲೈನ್ ತುಂಬುತ್ತೇವೆ. ಗಾಳಿಯೇ ಇದ್ದರೆ ಒತ್ತಡಕ್ಕೆ ಕುಗ್ಗಿ ಸೋರುತ್ತದೆ.

ನಾವು ಕೊಡುವುದು 2.4 ಎಟಿಎ (ಹೊರಗಿನ ಗಾಳಿಯ ಒತ್ತಡವೂ ಸೇರಿ ಒಟ್ಟು 2.4 ಅಟ್ಮಾಸ್ಫಿಯರ್), 30 ನಿಮಿಷ ಆಕ್ಸಿಜನ್, 5 ನಿಮಿಷ ಮಾಸ್ಕಿನಲ್ಲಿ ಸಾದಾ ಗಾಳಿ, ಹೀಗೆ ಒಟ್ಟು 90 ನಿಮಿಷ ಆಕ್ಸಿಜನ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡವೇ 0.9 ಅಟ್ಮಾಸ್ಫಿಯರ್. ಹೊರಗಿನದಕ್ಕಿಂತ ಎಷ್ಟು ಹೆಚ್ಚೆಂದು ತೋರಿಸುವ ಗೇಜಿಗೆ ಸಮುದ್ರಮಟ್ಟದ ಲೆಕ್ಕದಲ್ಲಿ 1.4 ಇಟ್ಟರೆ ಸಿಗುವುದು 2.3 ಮಾತ್ರ, ಇಲ್ಲಿ 1.5 ಇಡಬೇಕು.

ಕಿವಿಗೆ ತೊಂದರೆ ಆಗುವುದು ಮೊದಲ ಕೆಲವು ನಿಮಿಷಗಳಲ್ಲೇ, ಕಿವಿಯೊಳಗಿನ ಗಾಳಿಯ ಗಾತ್ರ ಆಗಲೇ ಬೇಗ ಬದಲಾಗುತ್ತದೆ. ಮುಖ ಸುಟ್ಟವರಿಗೆ ಮೂಗು ಹಿಡಿದು ಊದಲು ಆಗುವುದಿಲ್ಲ. "ಅಕ್ಕಾ, ಎಂಜಲು ನುಂಗ್ತಾ ಇರಿ, ಕಿವಿ ಬಿಡ್ತಾ?" ಎಂದು ಮೈಕಿನಲ್ಲಿ ಕೇಳುತ್ತಲೇ ಒತ್ತಡ ಏರಿಸುತ್ತೇವೆ. ನೋವು ಎಂದರೆ ಅಲ್ಲೇ ನಿಲ್ಲಿಸಿ ಸ್ವಲ್ಪ ಇಳಿಸುವುದು. ತುಟಿಯ ಸುತ್ತ ಬ್ಯಾಂಡೇಜ್ ಹಾಕದೆ ಬಿಡಿ: ಆಕ್ಸಿಜನ್ ಹೆಚ್ಚಾದಾಗ ಅದುರುವಿಕೆ ಸಾಮಾನ್ಯವಾಗಿ ಅಲ್ಲಿ ಕಾಣುತ್ತದೆ. ಫಿಟ್ಸ್ ಬಂದರೆ ಕೈ ತಕ್ಷಣ ಒತ್ತಡ ಇಳಿಸುವ ವಾಲ್ವ್ ಕಡೆ ಹೋಗುತ್ತದೆ, ಹೋಗಬಾರದು. ಉಸಿರು ಕಟ್ಟಿದ ಹೊತ್ತಿನಲ್ಲಿ ಇಳಿಸಿದರೆ ಶ್ವಾಸಕೋಶ ಒಡೆಯುತ್ತದೆ.

ಇದು ಪೂರಕ ಚಿಕಿತ್ಸೆ ಅಷ್ಟೇ, ಸುಟ್ಟ ಗಾಯಕ್ಕೆ ಇದರ ಪುರಾವೆ ಇನ್ನೂ ತೆಳುವಾಗಿಯೇ ಇದೆ. ಡ್ರಿಪ್ಪು, ಸರ್ಜರಿ ತಡ ಮಾಡಿಸಿ ಚೇಂಬರಿಗೆ ಕರೆತರುವುದನ್ನು ನಾನು ಒಪ್ಪುವುದಿಲ್ಲ. ಮುಚ್ಚಿದ ಕೋಣೆಯ ಬೆಂಕಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕುಡಿದವರ ಮಾತು ಬೇರೆ. ಅವರ ಬೆರಳಿನ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ರಕ್ತದಲ್ಲಿರುವುದು ಆಕ್ಸಿಜನ್ನೋ ಕಾರ್ಬನ್ ಮಾನಾಕ್ಸೈಡೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್) ಎಷ್ಟಿದೆ ನೋಡಿಸಿ, ಅಲ್ಲಿಯವರೆಗೆ ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ನಡೆಯುತ್ತಿರಲಿ.